ಬೆರಕೆ ಮತ್ತು ಕಲಬೆರಕೆ

ಹೋಳೂರಿನ ಮುನಿಯಲ್ಲಮ್ಮನವರ ವಯಸ್ಸು ಆಧಾರ್ ಕಾರ್ಡಿನ ಪ್ರಕಾರ ಐವತ್ತೊಂಬತ್ತು. ಅವರ ಲೆಕ್ಕದಲ್ಲಿ ಅರವತ್ತೆರಡು. ಕಾರ್ಡು ಮಾಡಿಸಲು ಹೋದ ದಿನ ಕೌಂಟರಿನಲ್ಲಿದ್ದವನು ತಮ್ಮ ಮುಖ ನೋಡಿ ಮೂರು ವರ್ಷ ಕಡಿಮೆ ಬರೆದುಕೊಂಡನೆಂದೂ, ತಾವು ತಕರಾರು ಮಾಡಲಿಲ್ಲವೆಂದೂ ಅವರು ಹೇಳುತ್ತಾರೆ. ಉಳಿದ ವಿವರಗಳಲ್ಲಿ ಅವರು ನಿಖರ. ಯಾವ ಹೊಲದ ಯಾವ ಬದುವಿನಲ್ಲಿ ಯಾವ ಸೊಪ್ಪು ಎಷ್ಟನೆಯ ಮಳೆಗೆ ಏಳುತ್ತದೆ ಎಂಬುದನ್ನು ಕೇಳಿದರೆ, ಹೊಲದ ಮಾಲೀಕರ ಮೂರು ತಲೆಮಾರಿನ ಹೆಸರಿನೊಂದಿಗೆ ಉತ್ತರಿಸುತ್ತಾರೆ.

ಅವರು ಬೆರಕೆ ಸೊಪ್ಪು ಕೀಳುವವರು. ಕೋಲಾರದ ಕಡೆಯ ಮನೆಗಳಲ್ಲಿ ಈ ಮಾತಿಗೆ ವಿವರಣೆ ಬೇಕಿಲ್ಲ. ಯಾರೂ ಬಿತ್ತದ, ಯಾರೂ ನೀರು ಹಾಯಿಸದ ಎಲೆಗಳು ರಾಗಿ ಸಾಲುಗಳ ನಡುವೆ, ಹಿಪ್ಪುನೇರಳೆ ತೋಟದ ಅಂಚಿನಲ್ಲಿ, ಕೆರೆಯಂಗಳದ ತೇವದಲ್ಲಿ ತಾವಾಗಿ ಹುಟ್ಟುತ್ತವೆ. ಅಣ್ಣೆ, ದಗ್ಗಲಿ, ಕನ್ನೆ, ಗೋಣಿ, ಹೊನಗೊನ್ನೆ, ಚೆಂಚಲಿ, ಕಾಶಿ, ತುಂಬೆಯ ಕುಡಿ. ಇವುಗಳನ್ನು ಬೆರೆಸಿ ಬೇಯಿಸಿ ಮಸೆದರೆ ಮಸ್ಸೊಪ್ಪು, ಬಸಿದರೆ ಬಸ್ಸಾರು. ಏಳು ಬಗೆಗೆ ಕಡಿಮೆಯಾದರೆ ಮುನಿಯಲ್ಲಮ್ಮ ಅದನ್ನು ಬೆರಕೆ ಎನ್ನಲು ಒಪ್ಪುವುದಿಲ್ಲ. ಈ ವಿದ್ಯೆ ಅವರಿಗೆ ಬಂದದ್ದು ಅತ್ತೆ ದೊಡ್ಡಗಂಗಮ್ಮನಿಂದ. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅತ್ತೆ ಸೊಸೆಯ ಮಡಿಲಿನ ಸೊಪ್ಪನ್ನು ನೆಲಕ್ಕೆ ಸುರಿದು, ಒಂದೊಂದು ಕುಡಿಯನ್ನೂ ಎತ್ತಿ ಹೆಸರು ಹೇಳಿಸುತ್ತಿದ್ದಳಂತೆ. ತಪ್ಪಿದರೆ ಆ ದಿನ ಸೊಸೆಗೆ ಉಪ್ಪು ಮೆಣಸಿನಕಾಯಿಯೇ ಸಾರು.

“ಹೊಡೀತಿರ್ಲಿಲ್ಲಮ್ಮ, ಪಾಪ. ನಗೋಳು. ಅದೇ ಜಾಸ್ತಿ ಉರೀತಿತ್ತು,” ಎಂದು ಮುನಿಯಲ್ಲಮ್ಮ ನನಗೆ ಹೇಳಿದರು.

ನಲವತ್ತು ವರ್ಷಗಳಿಂದ ಹೋಳೂರಿನ ಹತ್ತಿಪ್ಪತ್ತು ಮನೆಗಳು ಅವರ ಕೈಯ ಸೊಪ್ಪನ್ನು ಹೆಸರು ಕೇಳದೆ ಬೇಯಿಸಿವೆ. ಈ ನಂಬಿಕೆ ಒಮ್ಮೆ ಮಾತ್ರ ಅಲುಗಾಡಿತು. ಅದು ಕಳೆದ ವರ್ಷದ ಮಳೆಗಾಲದ ಹದಿನೇಳು ದಿನಗಳ ಕಥೆ. ಹದಿನೆಂಟು ಎಂದು ಅವರ ಸೊಸೆ ಚಂದನ ಹೇಳುತ್ತಾರೆ. ದಿನಾಂಕಗಳನ್ನು ಹೋಲಿಸಿ ನೋಡಿದಾಗ ಅತ್ತೆಯ ಎಣಿಕೆಯೇ ಸರಿಯಾಗಿತ್ತು.

ಆ ವರ್ಷ ಆಷಾಢದಲ್ಲಿ ಶಿವಾನಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಊರಿಗೆ ಬಂದರು. ಮುಳಬಾಗಿಲಿನವರು, ಕೋಲಾರದ ಹೊರಗಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕಾಡುಸೊಪ್ಪುಗಳ ಗುಣಮಟ್ಟದ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಒಬ್ಬೊಬ್ಬ ನುರಿತ ಹೆಂಗಸನ್ನು ಹುಡುಕಿ, ಅವರಿಂದ ಒಂದೇ ಬಗೆಯ ಎಲೆಗಳನ್ನು ಬೇರೆಬೇರೆಯಾಗಿ ಒಣಗಿಸಿ ಪಡೆಯುವುದು ಅವರ ಕ್ರಮವಾಗಿತ್ತು. ಮುಳಬಾಗಿಲಿಗೆ ಆವನಿಯಿಂದ ಒಬ್ಬರು, ಕೋಲಾರಕ್ಕೆ ಮುನಿಯಲ್ಲಮ್ಮ.

ಯಂತ್ರದ ಕೆಲಸವನ್ನು ಶಿವಾನಿ ಮುನಿಯಲ್ಲಮ್ಮನವರಿಗೆ ವಿವರಿಸಿದ ರೀತಿಯನ್ನು ಇಬ್ಬರ ಬಾಯಲ್ಲೂ ಕೇಳಿದ್ದೇನೆ, ಎರಡೂ ಹೊಂದುತ್ತವೆ. ಒಣಗಿದ ಎಲೆಯನ್ನು ನುಣ್ಣಗೆ ಪುಡಿ ಮಾಡಿ ಗಾಜಿನ ಪುಟ್ಟ ಬಟ್ಟಲಲ್ಲಿಡುತ್ತಾರೆ. ಅದರ ಮೇಲೆ ಅವಕೆಂಪು ಬೆಳಕು ಬೀಳುತ್ತದೆ. ಕಣ್ಣಿಗೆ ಕಾಣದ ಬೆಳಕು ಅದು; ಒಲೆಯ ಮುಂದೆ ಕೂತಾಗ ಮುಖಕ್ಕೆ ತಗಲುವ ಬಿಸಿಯ ಬಳಗದ್ದು. ಪುಡಿ ಅದರಲ್ಲಿ ಸ್ವಲ್ಪವನ್ನು ನುಂಗಿಕೊಂಡು ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಯಾವುದನ್ನು ಎಷ್ಟು ನುಂಗಿತು ಎಂಬುದು ಕಂಪ್ಯೂಟರಿನಲ್ಲಿ ಏರಿಳಿಯುವ ಒಂದು ಗೆರೆಯಾಗಿ ಮೂಡುತ್ತದೆ. ಸಸಾರಜನಕ ಎಷ್ಟು, ನಾರು ಎಷ್ಟು, ತೇವ ಎಷ್ಟು ಎಂಬುದನ್ನು ಆ ಗೆರೆಯಿಂದ ಅಂದಾಜು ಮಾಡುತ್ತಾರೆ. ಒಂದೇ ಜಾತಿಯ ಎಲೆಗಳ ಗೆರೆಗಳು ಒಂದರ ಪಕ್ಕ ಒಂದು ಮಲಗಬೇಕು. ಮಲಗದಿದ್ದರೆ ಏನೋ ವ್ಯತ್ಯಾಸವಿದೆ ಎಂದು ಅರ್ಥ.

“ಅಂದ್ರೆ ನಮ್ಮತ್ತೆ ಥರಾನೇ. ಒಂದೊಂದೇ ಎತ್ತಿ ಹೆಸರು ಕೇಳ್ತದೆ,” ಎಂದರಂತೆ ಮುನಿಯಲ್ಲಮ್ಮ.

“ಹೂಂ, ಆದ್ರೆ ನಗಲ್ಲ,” ಎಂದರಂತೆ ಶಿವಾನಿ.

ಮೊದಲ ದಿನ ಇಬ್ಬರೂ ಜೊತೆಯಾಗಿ ಹೊಲಗಳನ್ನು ಸುತ್ತಿ ಒಂದೊಂದು ಬಗೆಯನ್ನೂ ಒಂದೊಂದು ಹಿಡಿ ಕಿತ್ತರು. ಆ ಹಸಿ ಎಲೆಗಳನ್ನು ಶಿವಾನಿ ತಮ್ಮೊಂದಿಗೆ ಕೊಂಡೊಯ್ದರು. ಉಳಿದ ದೊಡ್ಡ ಪ್ರಮಾಣವನ್ನು ಮುನಿಯಲ್ಲಮ್ಮ ತಿಂಗಳೊಳಗೆ ನೆರಳಲ್ಲಿ ಒಣಗಿಸಿ, ಒಂಬತ್ತು ಬಗೆಗೆ ಒಂಬತ್ತು ಕಾಗದದ ಚೀಲ ಮಾಡಿ ಕೊಡಬೇಕಾಗಿತ್ತು. ಕೊಟ್ಟರು. ಶ್ರಾವಣದ ಎರಡನೆಯ ವಾರ ಚೀಲಗಳು ಕೋಲಾರ ತಲುಪಿದವು.

ಚಂದನ ಆಗ ಐದು ತಿಂಗಳ ಗರ್ಭಿಣಿ. ಮಾಲೂರು ತಾಲ್ಲೂಕಿನ ಹುಡುಗಿ. ಮದುವೆಯಾಗಿ ಎರಡು ವರ್ಷ. ರಕ್ತ ಕಡಿಮೆಯಿದೆ ಎಂದು ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಕೊಟ್ಟಿದ್ದರು, ಸೊಪ್ಪು ಚೆನ್ನಾಗಿ ತಿನ್ನಬೇಕೆಂದೂ ಹೇಳಿದ್ದರು. ಎರಡನೆಯದನ್ನು ಮುನಿಯಲ್ಲಮ್ಮ ತಮಗೇ ಹೇಳಿದ ಮಾತೆಂದು ತಿಳಿದರು. ದಿನ ಬಿಟ್ಟು ದಿನ ಬೆಳಗ್ಗೆ ಹೊಲಕ್ಕೆ ಹೋಗಿ ಹಸಿ ಸೊಪ್ಪು ತಂದು, ತಾವೇ ಸೋಸಿ, ತಾವೇ ಬೇಯಿಸಿ, ಸೊಸೆ ಮುದ್ದೆ ಮುಗಿಸುವವರೆಗೆ ಎದುರಿಗೆ ಕೂರುತ್ತಿದ್ದರು. “ಪರೀಕ್ಷೆ ಹಾಲಲ್ಲಿ ಕೂತಂಗಿರೋದು,” ಎಂದು ಚಂದನ ಈಗ ನಗುತ್ತಾರೆ.

ಚೀಲಗಳು ಹೋದ ಹತ್ತನೆಯ ದಿನ, ಮಗ ಗೋಪಿಯ ಮೊಬೈಲಿಗೆ ಒಂದು ಸಂದೇಶ ಬಂತು. ಗೋಪಿ ಟೊಮೆಟೊ ಸಾಗಿಸುವ ಟೆಂಪೊ ಓಡಿಸುವವನು. ಆಗಷ್ಟೇ ಮಂಡಿಯಿಂದ ಬಂದು ಊಟಕ್ಕೆ ಕೂತಿದ್ದ. ಸಂದೇಶವನ್ನು ಓದಿದವಳು ಚಂದನ: “ತಮ್ಮಿಂದ ಪಡೆದ ಒಂಬತ್ತು ಮಾದರಿಗಳಲ್ಲಿ ಮೂರರಲ್ಲಿ ಕಲಬೆರಕೆಯ ಲಕ್ಷಣ ಕಂಡುಬಂದಿದೆ. ಪರಿಶೀಲನೆ ಮುಗಿಯುವವರೆಗೆ ಅವುಗಳನ್ನು ಗುಣಮಟ್ಟದ ಪಟ್ಟಿಗೆ ಸೇರಿಸಲಾಗುವುದಿಲ್ಲ.”

ಮುನಿಯಲ್ಲಮ್ಮ ಅಡುಗೆಮನೆಯಿಂದಲೇ ನಕ್ಕರು. “ಅದನ್ನ ಮಿಷಿನ್ ಬಂದು ಹೇಳ್ಬೇಕೇನೇ? ಬೆರಕೆ ಸೊಪ್ಪಲ್ಲಿ ಬೆರಕೆ ಇಲ್ದೆ ಇನ್ನೇನಿರ್ತದೆ?”

ಗೋಪಿ ನಗಲಿಲ್ಲ. “ಅಮ್ಮಾ, ಅದು ಬೆರಕೆ ಅಲ್ಲ. ಕಲಬೆರಕೆ. ಹಾಲಿಗೆ ನೀರು ಹಾಕ್ತಾರಲ್ಲ, ಕಾರದ ಪುಡಿಗೆ ಇಟ್ಟಿಗೆ ಪುಡಿ ಹಾಕ್ತಾರಲ್ಲ, ಆ ಥರ.”

“ನಾನಾ?”

“ನೀನೇ ಬೇಕೂಂತ ಹಾಕ್ದೆ ಅಂತ ಅಲ್ಲ ಕಣಮ್ಮ. ಅಣ್ಣೆ ಚೀಲದಾಗೆ ಅಣ್ಣೆ ಒಂದೇ ಇಲ್ಲ ಅಂತ. ಬೇರೆ ಎಂಥದೋ ಎಲೆ ಐತೆ ಅಂತ.”

ಮುನಿಯಲ್ಲಮ್ಮ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಹಾಕಿ ಹೊರಗೆ ಬಂದರು. ಕಲ ಎಂಬ ಎರಡು ಅಕ್ಷರ ಮುಂದೆ ಸೇರಿದರೆ ತಮ್ಮ ಜೀವಮಾನದ ಕೆಲಸದ ಹೆಸರೇ ಬೈಗುಳವಾಗುತ್ತದೆ ಎಂಬುದು ಅವರಿಗೆ ಅಂದು ಹೊಳೆಯಿತಂತೆ. ಸಂದೇಶದ ಕೊನೆಯಲ್ಲಿ ಹೆಸರಿಸಿದ್ದ ಆ ಮೂರು ಚೀಲ ಅಣ್ಣೆ, ದಗ್ಗಲಿ, ಕನ್ನೆ. ಮೂರೂ ಅವರು ಕಣ್ಣು ಮುಚ್ಚಿಕೊಂಡು ಕೀಳುವ ಎಲೆಗಳು. ಮೂರೂ ಚಂದನಳ ತಟ್ಟೆಗೆ ದಿನ ಬಿಟ್ಟು ದಿನ ಹೋಗುತ್ತಿದ್ದ ಎಲೆಗಳು.

ಅಂದು ಸಂಜೆ ಚಂದನ ಮುದ್ದೆಯ ಪಕ್ಕದ ಸೊಪ್ಪನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸಿದಳು. ಮುನಿಯಲ್ಲಮ್ಮ ತಟ್ಟೆ ತೆಗೆದುಕೊಂಡು ಹೋಗಿ ಮಜ್ಜಿಗೆ ಹಾಕಿ ತಂದುಕೊಟ್ಟರು. “ಬೈಯ್ಕಂಡಿದ್ರೆ ವಾಸಿ ಇತ್ತು,” ಎಂದು ಚಂದನ ನೆನೆಯುತ್ತಾರೆ.

ಸುದ್ದಿ ಬೀದಿಗೆ ಹೇಗೆ ಹೋಯಿತು ಎಂಬುದರ ಬಗ್ಗೆ ಮನೆಯವರಲ್ಲಿ ಒಮ್ಮತವಿಲ್ಲ. ಮರುದಿನ ನಲ್ಲಿಯ ಬಳಿ ಪಕ್ಕದ ಬೀದಿಯ ಅಶ್ವತ್ಥಮ್ಮ ಕೊಡ ಕೆಳಗಿಟ್ಟು ತೆಲುಗಿನಲ್ಲಿ ಎಳೆದರಂತೆ: “ಏಮೇ ಮುನಿಯಲ್ಲಿ, ಮಿಷಿನು ಪಟ್ಟೇಸಿಂದಂಟ!” ಯಂತ್ರ ಹಿಡಿದುಹಾಕಿತಂತೆ ಎಂದು.

“ಪಟ್ಟೇದಾನಿಕಿ ನೇನೇಮನ್ನಾ ದೊಂಗನಾ?” ಹಿಡಿಯಲು ನಾನೇನು ಕಳ್ಳಿಯೇ, ಎಂದು ಮುನಿಯಲ್ಲಮ್ಮನೂ ತಿರುಗಿ ಕೇಳಿದರು.

“ನಾನು ಹಂಗಂದ್ನಾ? ಕಣ್ಣು ಮಂಜಾಗಿರ್ಬೋದು ಅಂದೆ. ವಯಸ್ಸಾಯ್ತಲ್ಲ. ತೋರಿಸ್ಕೊಂಬಾ ಹೋಗು, ಕೋಲಾರದಾಗೆ ಪುಕ್ಸಟ್ಟೆ ನೋಡ್ತಾರೆ.”

ಕಳ್ಳಿ ಎಂದಿದ್ದರೆ ಜಗಳವಾಡಬಹುದಿತ್ತು. ಕಣ್ಣಿನ ಮಾತು ಒಳಗೆ ಹೋಗಿ ಕೂತಿತು. ಮನೆಗೆ ಬಂದು ಒಬ್ಬರೇ ಹಿತ್ತಲಿನಲ್ಲಿ ನಿಂತು, ದೂರದ ಬೇಲಿಯ ಮೇಲಿನ ಬಳ್ಳಿಯ ಎಲೆಗಳನ್ನು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ಎಣಿಸಿದರಂತೆ. ಎಣಿಕೆ ಸರಿಬಂತು. ಸಮಾಧಾನ ಬರಲಿಲ್ಲ. ಕಣ್ಣು ಸರಿಯಿದ್ದೂ ತಪ್ಪಾಗಿದ್ದರೆ ಕೈಯನ್ನೇ ನಂಬುವಂತಿಲ್ಲ. ಕೈಯನ್ನು ನಂಬುವಂತಿಲ್ಲವಾದರೆ, ಎರಡು ತಿಂಗಳಿಂದ ಆ ಹುಡುಗಿಯ ಹೊಟ್ಟೆಗೆ ಹಾಕಿದ್ದು ಏನು?

ಈ ಒಂದು ಪ್ರಶ್ನೆಯನ್ನು ಅವರು ಯಾರ ಮುಂದೆಯೂ ಆಡಲಿಲ್ಲ. ಸೊಪ್ಪು ಕೀಳುವುದನ್ನು ನಿಲ್ಲಿಸಿದರು. ಕುಡುಗೋಲನ್ನು ಸೂರಿಗೆ ಸಿಕ್ಕಿಸಿದರು. ಖಾಯಂ ಮನೆಗಳವರಲ್ಲಿ ಇಬ್ಬರು ಬಂದು ಕೇಳಿದಾಗ ಸೊಂಟ ನೋವೆಂದರು. ಉಳಿದವರು ಕೇಳಲಿಲ್ಲ, ಅದನ್ನೂ ಅವರು ಗಮನಿಸಿದರು. ಮಗನ ಮೊಬೈಲಿನಿಂದ ಶಿವಾನಿಗೆ ಕರೆ ಮಾಡಿಸಿದರೆ ಫೋನು ಆಫ್. ಆರನೆಯ ದಿನ ಶಿವಾನಿಯ ತಾಯಿ ಎತ್ತಿಕೊಂಡು, ಮಗಳಿಗೆ ಡೆಂಗ್ಯೂ, ಮುಳಬಾಗಿಲಿನ ಮನೆಯಲ್ಲೇ ಮಲಗಿದ್ದಾಳೆ ಎಂದರು. ಸಂದೇಶ ಕಳಿಸಿದ್ದು ಶಿವಾನಿಯಲ್ಲ, ಪ್ರಯೋಗಾಲಯದಲ್ಲಿ ಇನ್ಯಾರೋ ಎಂಬುದು ಆಗ ತಿಳಿಯಿತು. ಜ್ವರದವಳನ್ನು ಪೀಡಿಸುವುದು ಮುನಿಯಲ್ಲಮ್ಮನವರಿಗೆ ಸರಿ ಕಾಣಲಿಲ್ಲ. ಕಾದರು. ಆ ತಿಂಗಳ ತಪಾಸಣೆಗೆ ಸೊಸೆಯ ಜೊತೆ ಆರೋಗ್ಯ ಕೇಂದ್ರಕ್ಕೆ ತಾವೇ ಹೋದರು. ಮಗುವಿನ ಎದೆಬಡಿತ ಸರಿಯಾಗಿದೆ ಎಂದು ನರ್ಸ್ ಹೇಳಿದಾಗ, “ಇನ್ನೊಂದು ಸಲ ನೋಡಮ್ಮ” ಎಂದು ಕೇಳಿದ್ದನ್ನು ಚಂದನ ಮರೆತಿಲ್ಲ. ಅತ್ತೆ ಎಷ್ಟು ಹೆದರಿದ್ದಾರೆ ಎಂಬುದು ತನಗೆ ಅಲ್ಲಿಯೇ ತಿಳಿಯಿತು ಎನ್ನುತ್ತಾರೆ.

ಹದಿನೇಳನೆಯ ದಿನ ಬೆಳಗ್ಗೆ, ಶಿವಾನಿ ಕೆಲಸಕ್ಕೆ ಬಂದಿದ್ದಾರೆಂದು ತಿಳಿದು, ಮುನಿಯಲ್ಲಮ್ಮ ಒಬ್ಬರೇ ಬಸ್ಸು ಹತ್ತಿ ಕೋಲಾರಕ್ಕೆ ಹೋದರು.

ಶಿವಾನಿ ತೀರ ಸೊರಗಿದ್ದರು. ಸಂದೇಶ ಹೋದದ್ದೇ ತಮಗೆ ಗೊತ್ತಿರಲಿಲ್ಲವೆಂದು ಕ್ಷಮೆ ಕೇಳಿದರು. ಕಂಪ್ಯೂಟರಿನಲ್ಲಿ ಗೆರೆಗಳನ್ನು ತೋರಿಸಿದರು. ಉಳಿದ ಮೂರು ತಾಲ್ಲೂಕಿನ ಅಣ್ಣೆಯ ಗೆರೆಗಳು ಒಂದೇ ಹಗ್ಗದ ಎಳೆಗಳಂತೆ ಕೂಡಿ ಸಾಗುತ್ತಿದ್ದವು. ಹೋಳೂರಿನದು ಮಾತ್ರ ಎರಡು ಕಡೆ ಹಗ್ಗದಿಂದ ಹೊರಬಿದ್ದು ಮತ್ತೆ ಬಂದು ಸೇರುತ್ತಿತ್ತು. ದಗ್ಗಲಿಯದೂ ಹಾಗೆಯೇ, ಕನ್ನೆಯದೂ. ಆ ಎರಡು ಜಾಗಗಳು ಮೂರರಲ್ಲೂ ಒಂದೇ.

“ಆಚೆಗೆ ಬಂದಿರೋದು ಒಂದೇ ಕಡೆ ಅಲ್ವಾಮ್ಮ?” ಎಂದು ಮುನಿಯಲ್ಲಮ್ಮ ಕೇಳಿದರು. “ಹಂಗಾದ್ರೆ ಮೂರರಾಗೂ ಸೇರಿರೋದು ಒಂದೇ. ನಾನು ಎಲೆ ತಪ್ಪಿದ್ರೆ ಒಂದೊಂದ್ರಾಗೆ ಒಂದೊಂದು ತಪ್ತಿದ್ದೆ.”

ಈ ಮಾತು ತಮಗೆ ಹೊಳೆದಿರಲಿಲ್ಲವೆಂದು ಶಿವಾನಿ ಒಪ್ಪಿಕೊಳ್ಳುತ್ತಾರೆ. ಅವರು ಉತ್ತರ ಹೇಳುವಷ್ಟರಲ್ಲಿ ಮುನಿಯಲ್ಲಮ್ಮ ಮೇಜಿನ ಮೇಲಿದ್ದ ತಮ್ಮ ಚೀಲದ ಅಣ್ಣೆ ಪುಡಿಯ ಶೀಶೆಯ ಮುಚ್ಚಳ ತೆಗೆದು, ಮೂಸಿ, ಒಂದು ಚಿಟಿಕೆ ನಾಲಗೆಗೆ ಇಟ್ಟುಕೊಂಡಿದ್ದರು.

“ಅಮ್ಮಾ! ಲ್ಯಾಬಲ್ಲಿ ಏನೂ ಬಾಯಿಗೆ ಇಟ್ಕೋಬಾರ್ದು!”

“ನಿನ್ನ ಲ್ಯಾಬಿಗೆ ನಾಲ್ಗೆ ಇಲ್ಲ ಕಣಮ್ಮ. ಅದಕ್ಕೆ ನಂದು ತಂದಿದ್ದೀನಿ.” ಮರುಕ್ಷಣ ಅವರು ಮುಖ ಕಿವುಚಿದರು. “ಥೂ. ಬೇವು!”

“ಬೇವಾ?”

“ಬೇವಲ್ದೆ! ನಾನೇ ಹಾಕಿದ್ದು.” ಅವರು ಸ್ಟೂಲಿನ ಮೇಲೆ ಕೂತರು. “ಹುಳ ಬೀಳ್ದಂಗೆ ಇಟ್ಕೊಳಮ್ಮ ಅಂದಿದ್ದು ನೀನೇ ಅಲ್ವಾ?”

ನಡೆದದ್ದು ಇಷ್ಟು. ಒಂಬತ್ತರಲ್ಲಿ ಮೊದಲು ಒಣಗಿದ್ದು ಅಣ್ಣೆ, ದಗ್ಗಲಿ, ಕನ್ನೆ. ಉಳಿದ ಆರು ಬಗೆ ಸಿಗುವವರೆಗೆ ಆ ಮೂರನ್ನು ಇಪ್ಪತ್ತು ದಿನ ತಗಡಿನ ಡಬ್ಬಿಯಲ್ಲಿ ಇಡಬೇಕಾಯಿತು. ಹುಳ ಬೀಳದ ಹಾಗೆ ಇಡುವುದೆಂದರೆ ಈ ಸೀಮೆಯಲ್ಲಿ ಒಂದೇ ಅರ್ಥ: ಪದರ ಪದರಕ್ಕೆ ಒಣ ಬೇವಿನ ಎಲೆ ಹಾಸುವುದು. ಅವರೆಕಾಳಿಗೆ ಹಾಕುತ್ತಾರೆ, ಅಕ್ಕಿಗೆ ಹಾಕುತ್ತಾರೆ, ರೇಷ್ಮೆ ಸೀರೆಯ ಮಡಿಕೆಗೂ ಹಾಕುತ್ತಾರೆ. ಅದನ್ನು ಯಾರೂ ಬೆರೆಸುವುದು ಎಂದು ಎಣಿಸುವುದಿಲ್ಲ. ಕಾಳನ್ನು ಕೇರಿದಾಗ ಎಲೆ ಹಾರಿಹೋಗುತ್ತದೆ. ಚೀಲಕ್ಕೆ ತುಂಬುವಾಗ ಮುನಿಯಲ್ಲಮ್ಮ ಬೇವನ್ನು ಕೈಯಿಂದ ಆರಿಸಿ ತೆಗೆದಿದ್ದರು. ಆದರೆ ಸೊಪ್ಪು ಕಾಳಲ್ಲ. ಒಣಗಿ ಗರಿಗರಿಯಾದ ಬೇವು ಒಣ ಸೊಪ್ಪಿನ ನಡುವೆ ಪುಡಿಪುಡಿಯಾಗಿ ಉಳಿದಿತ್ತು.

“ನಮ್ಮಮ್ಮಾನೂ ಅಕ್ಕಿ ಡಬ್ಬಕ್ಕೆ ಹಾಕ್ತಾರೆ,” ಎಂದು ಶಿವಾನಿ ಹಣೆ ಹಿಡಿದುಕೊಂಡರು. “ನನಗೆ ಹೊಳೀಲೇ ಇಲ್ಲವಲ್ಲ!”

ಆದರೂ ಮಾತಿನಿಂದ ಪಟ್ಟಿ ತಿದ್ದುವಂತಿರಲಿಲ್ಲ. ಶಿವಾನಿ ಕಾಲೇಜಿನ ಅಂಗಳದ ಬೇವಿನ ಮರದಿಂದ ಒಂದು ಹಿಡಿ ಎಲೆ ತರಿಸಿ, ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಒಣಗಿಸಲು ಇಟ್ಟರು. ಒಂದೂವರೆ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಮುನಿಯಲ್ಲಮ್ಮ ಆ ಪೆಟ್ಟಿಗೆಯ ಮುಂದಿನಿಂದ ಕದಲಲಿಲ್ಲ. ಟೀ ತಂದರೆ ಬೇಡವೆಂದರು. ಮೊದಲ ದಿನ ಜೊತೆಯಾಗಿ ಕಿತ್ತು ಇಲ್ಲಿಯೇ ಒಣಗಿಸಿದ್ದ ಹೋಳೂರಿನ ಅಣ್ಣೆಯ ಪುಡಿ ಬೇರೆಯಾಗಿ ಇತ್ತು. ಮೊದಲು ಅದೊಂದನ್ನೇ ಬೆಳಕಿಗಿಟ್ಟರು. ಗೆರೆ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಗೆರೆಗಳ ನಡುವೆ ಹೋಗಿ ಮಲಗಿತು. ಆಮೇಲೆ ಅದಕ್ಕೆ ಅಳೆದು ಬೇವಿನ ಪುಡಿ ಸೇರಿಸಿ ಮತ್ತೆ ಇಟ್ಟರು. ಗೆರೆ ಅದೇ ಎರಡು ಜಾಗದಲ್ಲಿ ಹೊರಗೆ ಬಂತು.

ದಗ್ಗಲಿ, ಕನ್ನೆಯದೂ ಹಾಗೆಯೇ ಆಯಿತು. ಬೇವಿಲ್ಲದ ಮೂರೂ ಪುಡಿಗಳ ಅಂದಾಜು ತೆಗೆದಾಗ, ಸಸಾರಜನಕದಲ್ಲಿ ಹೋಳೂರಿನ ದಗ್ಗಲಿ ನಾಲ್ಕು ತಾಲ್ಲೂಕುಗಳಲ್ಲಿ ಮೊದಲಿತ್ತು. ಅದನ್ನು ಶಿವಾನಿ ಹೇಳಿದಾಗ ಮುನಿಯಲ್ಲಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ.

“ನಾನು ಕಿತ್ತಿದ್ದು ಅಣ್ಣೇನೇ ತಾನೆ?”

“ಅಣ್ಣೇನೇ ಅಮ್ಮ. ಮೂರೂ ಸರಿ. ಒಂದು ಎಲೇನೂ ತಪ್ಪಿಲ್ಲ.”

“ಅದನ್ನ ನಮ್ಮ ಹುಡುಗಿಗೆ ಹೇಳು. ನಾನ್ಹೇಳಿದ್ರೆ ಆಗಲ್ಲ. ನೀನ್ಹೇಳು, ಈಗ್ಲೇ.”

ಶಿವಾನಿ ಚಂದನಳಿಗೆ ಕರೆ ಮಾಡಿ ಎಲ್ಲವನ್ನೂ ವಿವರಿಸಿದರು. ಆಮೇಲೆ ಚಂದನ ಮೆಲ್ಲಗೆ ಕೇಳಿದಳು: “ಆ ಬೇವು ನಾನು ತಿಂದಿದ್ರಲ್ಲೂ ಇತ್ತಾ ಮೇಡಂ?”

ಮುನಿಯಲ್ಲಮ್ಮ ಫೋನು ಕಿತ್ತುಕೊಂಡರು. “ನಿಂಗೆ ಡಬ್ಬಿದು ಯಾವಾಗ್ಲೇ ಹಾಕ್ದೆ ನಾನು? ನಿಂಗೆ ದಿನಾ ಹಸೀದು, ಇಬ್ಬನಿ ಆರೋ ಮುಂಚೆ ಕಿತ್ತಿದ್ದು. ಬೇವಿದ್ದಿದ್ರೆ ಮೊದಲ್ನೇ ತುತ್ತಿಗೇ ನನ್ನ ಮುಖಕ್ಕೆ ಉಗೀತಿರ್ಲಿಲ್ವಾ?”

“ಅಯ್ಯೋ, ಉಗೀತಿದ್ದೆ,” ಎಂದು ಚಂದನ ನಕ್ಕಳು. ಆಮೇಲೆ, “ಬರೋವಾಗ ಕಿತ್ಕೊಂಡ್ ಬಾ ಅತ್ತೆ. ಬೇಳೆ ಸಾರು ತಿಂದು ತಿಂದು ಸಾಕಾಗೋಗಿದೆ.”

ಶಿವಾನಿ ಕನ್ನಡದಲ್ಲಿ ಒಂದು ಪತ್ರ ಬರೆದು, ಮುಖ್ಯಸ್ಥರ ಸಹಿ ಹಾಕಿಸಿ ಕೊಟ್ಟರು. ಎಲೆಗಳ ಗುರುತು ಸಂಪೂರ್ಣ ಸರಿಯಾಗಿದೆ, ಶೇಖರಣೆಯಲ್ಲಿ ಮಾತ್ರ ಬೇವು ಸೇರಿದೆ, ಕಲಬೆರಕೆ ಎಂಬ ಪದವನ್ನು ಹಿಂಪಡೆಯಲಾಗಿದೆ ಎಂದು ಅದರಲ್ಲಿದೆ. ಆ ಪತ್ರವನ್ನು ನೋಡಿದ್ದೇನೆ. ‘ಕಲಬೆರಕೆ’ಯ ಮೇಲೆ ಅರಿಶಿನದ ಬೆರಳಿನ ಗುರುತೊಂದಿದೆ, ಅಶ್ವತ್ಥಮ್ಮನಿಗೆ ಓದಿಸಿ ತೋರಿಸುವಾಗ ಆದದ್ದಂತೆ. “ಕಣ್ಣು ಚೆನ್ನಾಗೇ ಅವೆ ಬಿಡು” ಎಂದಷ್ಟೇ ಹೇಳಿ ಅಶ್ವತ್ಥಮ್ಮ ಮರುದಿನಕ್ಕೆ ಎರಡು ಹಿಡಿ ಸೊಪ್ಪು ಕೇಳಿದರು.

ಆದರೆ ಪತ್ರ ಹೋಳೂರು ತಲುಪಿದ್ದು ನೇರವಾಗಿ ಅಲ್ಲ. ಕೋಲಾರದಲ್ಲಿ ಯಲ್ದೂರಿಗೆ ಹೋಗುವ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮುನಿಯಲ್ಲಮ್ಮ, ಬಸ್ಸು ನಿಲ್ದಾಣ ಬಿಡುವ ಮೊದಲೇ ನಿದ್ದೆ ಹೋದರು. ಹದಿನೇಳು ದಿನ ಸರಿಯಾಗಿ ಕಣ್ಣು ಮುಚ್ಚದ ಹೆಂಗಸು. ಹೋಳೂರು ಬಂತು, ಹೋಯಿತು. ಕಂಡಕ್ಟರ್ ಭುಜ ತಟ್ಟಿ ಎಬ್ಬಿಸಿದ್ದು ಯಲ್ದೂರಿನಲ್ಲಿ.

“ಏನಮ್ಮಾ, ಹೋಳೂರು ಟಿಕೆಟ್ ತಗೊಂಡು ಯಲ್ದೂರು ನೋಡೋಕೆ ಬಂದ್ರಾ?”

“ಎಬ್ಬಿಸ್ಬಾರ್ದಾಗಿತ್ತೇನಪ್ಪ?”

“ಕೂಗ್ದೆ ಕಣಮ್ಮ ಮೂರು ಸಲ! ಗೊರಕೆ ಕೇಳಿ ಡ್ರೈವರೇ ಹಾರನ್ ಹೊಡೆಯೋದು ಬಿಟ್ಟವ್ನೆ.”

ಇಳಿದು ಮಗನಿಗೆ ಫೋನು ಮಾಡಿಸಿದರು. ಗೋಪಿ ಗಾಬರಿಯಾದ. “ಏನಾಯ್ತಮ್ಮ? ಯಾಕೆ ಯಲ್ದೂರಾಗಿದ್ದೀಯ?”

“ಏನಿಲ್ಲ ಕಣೋ. ನಿದ್ದೆ ಬಂದ್ಬಿಡ್ತು.”

“ಅಷ್ಟೇನಾ?”

“ಅಷ್ಟೇ.”

ಟೆಂಪೊ ತೆಗೆದುಕೊಂಡು ಬರುತ್ತೇನೆ, ಅಲ್ಲೇ ಇರು ಎಂದ. ಮುನಿಯಲ್ಲಮ್ಮ ಅಲ್ಲೇ ಇರಲಿಲ್ಲ. ರಸ್ತೆಯ ಆಚೆ ಮಾವಿನ ತೋಟ; ಮರಗಳ ನಡುವೆ ಮೊಣಕಾಲೆತ್ತರದ ಅಣ್ಣೆ, ಅದರ ಬುಡದಲ್ಲಿ ಕನ್ನೆ. ಕಾವಲಿಗಿದ್ದವನನ್ನು ಕರೆದು, ಔಷಧಿ ಹೊಡೆದಿದ್ದೀರಾ ಎಂದು ವಿಚಾರಿಸಿದರು. ಕಾಯಿ ಕಿತ್ತ ಮೇಲೆ ಹೊಡೆದಿಲ್ಲ ಎಂದ. ಎಷ್ಟು ದಿನವಾಯಿತು ಎಂದು ಮತ್ತೆ ಕೇಳಿದರು. ಎರಡು ತಿಂಗಳು ಎಂದ. ಮಳೆ ಎಷ್ಟು ಬಿತ್ತು ಎಂದರು. ಅವನು ಬೇಸತ್ತು, “ಕೀಳ್ಕೋ ಹೋಗಮ್ಮ ತಾಯಿ, ನಿನ್ನ ಪ್ರಶ್ನೆಗಿಂತ ದನ ವಾಸಿ, ಕೇಳ್ದೇನೆ ತಿಂತವೆ,” ಎಂದು ಮರದ ಬುಡಕ್ಕೆ ಹಿಂದಿರುಗಿದ.

ಗೋಪಿ ಬಂದಾಗ ಅಮ್ಮನ ಸೆರಗಿನ ಗಂಟು ಮೂರು ಮನೆಗೆ ಆಗುವಷ್ಟು ದಪ್ಪವಾಗಿತ್ತು. ದಗ್ಗಲಿ ಇನ್ನೂ ಸಿಕ್ಕಿಲ್ಲ, ಏಳು ಆಗಿಲ್ಲ, ತಡಿ, ಎಂದು ಅವರು ಬಗ್ಗಿಯೇ ಇದ್ದರು. ಅವನು ಟೆಂಪೊದ ಇಂಜಿನ್ ಆರಿಸಿ ಕಾದ.